ಮೇಲ್ಮನೆ ತಲುಪದ ಕುಂಟೆ

"ಇಳಿಯಲ್ಲ ಕಣೋ. ಏನ್ ಮಾಡ್ಕೊಂತೀಯೋ ಮಾಡ್ಕೊ."

ಅಕ್ಕಯ್ಯಮ್ಮ ಜೆಸಿಬಿಯ ಬಕೆಟ್ಟಿನಲ್ಲಿ ಕೂತಿದ್ದರು. ಮುಂದೆ ಅಲ್ಲ, ಪಕ್ಕದಲ್ಲಲ್ಲ, ಅದರ ಒಳಗೇ. ಡ್ರೈವರು ಟೀ ಕುಡಿಯಲು ಇಳಿದಾಗ ಬಕೆಟ್ಟನ್ನು ನೆಲಕ್ಕೆ ಊರಿ ಹೋಗಿದ್ದ. ಎಪ್ಪತ್ತು ದಾಟಿದ ಈ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬಂದು, ತಮ್ಮ ಮನೆಯ ಜಗಲಿಯ ಮೇಲೆ ಕೂರುವ ಹಾಗೆ ಅಲ್ಲಿ ಕೂತು, ಎಲೆ ಅಡಿಕೆ ಚೀಲ ಬಿಚ್ಚಿದ್ದರು. ಡ್ರೈವರು ಬಂದು ನೋಡಿದವನೇ ಬೇವಿನ ಮರದ ನೆರಳಿಗೆ ಹೋಗಿ ನಿಂತುಬಿಟ್ಟಿದ್ದ.

ನಾನು ಅತ್ತಿಕುಂಟೆಯ ಏರಿ ಹತ್ತುವ ಹೊತ್ತಿಗೆ ಕೆಲಸದ ಉಸ್ತುವಾರಿ ಅಂಬರೀಶ್ ಗಂಟಲು ಹರಿದುಕೊಳ್ಳುತ್ತಿದ್ದ.

"ಕಾನೂನು ಪಾಸಾಗಿದೆ ಕಣಮ್ಮ! ಎರಡೂ ಮನೇಲಿ ಪಾಸಾಗಿದೆ. ಅದ್ರಲ್ಲಿ ಕೆರೆ ಇದೆ, ಕಟ್ಟೆ ಇದೆ, ಕಲ್ಯಾಣಿ ಇದೆ. ಕುಂಟೆ ಇಲ್ಲ. ಅಂದ್ಮೇಲೆ ಇದು ಬರೀ ಗುಂಡಿ. ಗುಂಡಿ ಮುಚ್ಚೋಕೆ ಯಾರ ಅಪ್ಪಣೆ ಬೇಕು?"

"ಪೋರಾ," ಎಂದು ಅಕ್ಕಯ್ಯಮ್ಮ ತೆಲುಗಿನಲ್ಲೇ ಅವನನ್ನು ಅಟ್ಟಿ ಎಲೆಗೆ ಸುಣ್ಣ ಸವರಿದರು.

ಜಲಮೂಲಗಳನ್ನು ಕಾಪಾಡುವ ಹೊಸ ವಿಧೇಯಕಕ್ಕೆ ಕೆಳಮನೆ 'ಕುಂಟೆ' ಎಂಬ ಪದ ಸೇರಿಸಿ ಒಪ್ಪಿತ್ತು, ಮೇಲ್ಮನೆಗೆ ಹೋದ ಪ್ರತಿಯಲ್ಲಿ ಆ ಪದ ಇರಲಿಲ್ಲ, ಅದನ್ನು ಕದ್ದವರನ್ನು ಹಿಡಿದುಕೊಡು ಎಂದು ಅಕ್ಕಯ್ಯಮ್ಮ ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಾನು ಶಾಂಭವಿ, ಚಿಕ್ಕಬಳ್ಳಾಪುರದಲ್ಲಿ ವಕೀಲೆ. ಕೋರ್ಟಿನಲ್ಲಿ ವಾದಿಸುವುದಕ್ಕಿಂತ ಕೋರ್ಟಿನ ಹೊರಗೆ ಪತ್ತೆ ಮಾಡುವುದೇ ನನ್ನ ಹೊಟ್ಟೆ ಹೊರೆಯುತ್ತಿದೆ. ಸರ ಕಳೆದುಹೋಯಿತು ಎಂದು ಬಂದವರಿದ್ದಾರೆ, ಗಂಡ ಕಳೆದುಹೋದ ಎಂದು ಬಂದವರೂ ಇದ್ದಾರೆ. ಪದ ಕಳುವಾಗಿದೆ ಎಂದು ಬಂದವರು ಇವರೊಬ್ಬರೇ.

ನಮ್ಮ ಸೀಮೆಯಲ್ಲಿ ಕುಂಟೆ ಎಂದರೆ ಪುಟ್ಟ ಕೆರೆ. ನದಿ ಇಲ್ಲದ ಈ ನೆಲದಲ್ಲಿ ಮಳೆನೀರು ನಿಲ್ಲುವುದು ಇಂಥ ಕುಂಟೆಗಳಲ್ಲಿ. ಜಂಗಮಕೋಟೆಯಿಂದ ಸ್ವಲ್ಪ ಆಚೆಗಿರುವ ಈ ಅತ್ತಿಕುಂಟೆಯಲ್ಲಿ ನೀರು ನಿಂತರೆ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು. ಬೋರ್‌ವೆಲ್‌ನಲ್ಲಿ ನೀರಿದ್ದರೆ ಹಿಪ್ಪುನೇರಳೆ, ಹಿಪ್ಪುನೇರಳೆ ಇದ್ದರೆ ರೇಷ್ಮೆ ಹುಳು, ದನಕ್ಕೆ ಮೇವು, ಡೈರಿಗೆ ಹಾಲು. ಅದನ್ನು ಮುಚ್ಚಿ, ಹಿಂದಿನ ಜಮೀನಿನಲ್ಲಿ ಏಳುವ ಗೋದಾಮಿಗೆ ಲಾರಿ ಹೋಗುವ ರಸ್ತೆ ಮಾಡಬೇಕು ಎನ್ನುವುದು ಅಂಬರೀಶನ ಯಜಮಾನರ ಆಸೆ.

"ರಾಜ್ಯಪಾಲರು ಸೈನ್ ಹಾಕಿದ್ರೇನಪ್ಪ?" ಎಂದು ನಾನು ಅಂಬರೀಶನನ್ನು ಕೇಳಿದೆ.

"ಹಾಕ್ತಾರೆ ಬಿಡಿ ಮೇಡಂ."

"ಹಾಕ್ತಾರೆ ಬೇರೆ, ಹಾಕಿದ್ರು ಬೇರೆ. ಸೈನ್ ಬೀಳೋವರ್ಗೂ ಅದು ಬರೀ ಬಿಲ್ಲು. ಅವರು ಒಪ್ಪಬಹುದು, ಇನ್ನೊಂದ್ಸಲ ನೋಡ್ರಪ್ಪ ಅಂತ ವಾಪಸ್ಸೂ ಕಳಿಸಬಹುದು. ಸೈನ್ ಬಿದ್ದು, ರಾಜ್ಯಪತ್ರದಲ್ಲಿ ಅಚ್ಚಾಗಬೇಕು. ಹೊಸ ಕಾನೂನು ಬರೋವರ್ಗೂ ಯಾರೂ ಮುಟ್ಟಬಾರದು ಅಂತ ತಹಶೀಲ್ದಾರ್ ಹೇಳಿರೋದು ನಿನಗೂ ಗೊತ್ತು."

"ಎರಡು ಮನೆಯೋರೂ ಒಪ್ಪಿದ್ಮೇಲೆ ಇನ್ನೇನ್ ಮೇಡಂ ಬಾಕಿ?"

ಇದಕ್ಕೆ ಬಕೆಟ್ಟಿನೊಳಗಿಂದ ಉತ್ತರ ಬಂತು.

"ನಿನಗೆ ಮದುವೆ ಆಗಿದೆಯೇನೋ?"

"ಆಗಿದೆ ಕಣಮ್ಮ."

"ನಿಮ್ಮ ಮನೆಯೋರು ಅಕ್ಕನ್ನ ನೋಡಿ ಒಪ್ಕೊಂಡು, ಹೆಣ್ಣಿನ ಮನೆಯೋರು ತಂಗೀನ ಕೊಡ್ತೀವಿ ಅಂತ ಒಪ್ಕೊಂಡಿದ್ರೆ, ಅದು ಮದುವೆ ಆಗ್ತಿತ್ತೇನೋ? ಎರಡು ಮನೆಯೋರೂ ಒಪ್ಪಿದ್ರಲ್ಲ!"

ಬೇವಿನ ಮರದಡಿ ನಿಂತಿದ್ದ ಡ್ರೈವರು ನಕ್ಕುಬಿಟ್ಟ. ಅಂಬರೀಶ್ ಅವನತ್ತ ಕಣ್ಣು ಬಿಟ್ಟ. ಕಾನೂನು ಕಾಲೇಜಿನಲ್ಲಿ ನಮ್ಮ ಮೇಷ್ಟರು ಇದನ್ನೇ ಹೇಳಲು ಒಂದು ತರಗತಿ ಪೂರ್ತಿ ತೆಗೆದುಕೊಂಡಿದ್ದರು. ಎರಡು ಸದನಗಳೂ ಒಪ್ಪಬೇಕಾದ್ದು ಒಂದೇ ಪಠ್ಯವನ್ನು. ಮೇಲ್ಮನೆಗೆ ಬದಲಾವಣೆ ಬೇಕೆನಿಸಿದರೆ ಹಾಗೆಂದು ಹೇಳಿ ಕೆಳಮನೆಗೆ ವಾಪಸ್ಸು ಕಳಿಸಬೇಕು, ಕೆಳಮನೆ ಅದನ್ನು ಮತ್ತೆ ನೋಡಬೇಕು. ನಡುದಾರಿಯಲ್ಲಿ ಯಾರೋ ಒಂದು ಪದ ಎತ್ತಿಬಿಟ್ಟರೆ ಮೇಲ್ಮನೆ ಒಪ್ಪಿದ್ದು ಬೇರೆಯದನ್ನೇ ಆಯಿತು.

"ನಾನೇ ಬೆಂಗಳೂರಿಗೆ ಹೋಗಿದ್ನಲ್ಲೋ," ಅಕ್ಕಯ್ಯಮ್ಮ ಮುಂದುವರಿಸಿದರು. "ಮೇಲ್ಗಡೆ ಜನ ಕೂತ್ಕೊಳ್ಳೋ ಕಡೆ ಕೂತಿದ್ದೆ. ನಮ್ಮ ವೆಂಕಟರಾಯಪ್ಪ ಎದ್ದು, ಕುಂಟೆ ಬಿಟ್ಟೋಗಿದೆ, ಸೇರಿಸಿ ಅಂದ. ಮಂತ್ರಿ ಆಯ್ತು ಅಂದ್ರು. ದೊಡ್ಡ ಕುರ್ಚೀಲಿ ಕೂತಿದ್ದೋರು, ಒಪ್ಪೋರೆಲ್ಲ ಹೌದು ಅನ್ನಿ ಅಂದ್ರು. ಎಲ್ಲಾ ಹೌದು ಅಂದ್ರು. ನಾನೂ ಹೌದು ಅಂದೆ. ಪೊಲೀಸಮ್ಮ ಬಂದು ಬಾಯಿ ಮುಚ್ಕೊಂಡು ಕೂತ್ಕೊಳ್ಳಮ್ಮ ಅಂತ ಬೈದ್ಲು."

ವೆಂಕಟರಾಯಪ್ಪ ಅಂದರೆ ಆ ಕಡೆಯ ಶಾಸಕರು. ಆ ದಿನ ಅವರು ವಾಪಸ್ಸಾದಾಗ ಊರಿನವರು ಮೈಸೂರು ಪೇಟ ತೊಡಿಸಿ, ಟ್ರ್ಯಾಕ್ಟರಿನ ಮೇಲೆ ಮೆರವಣಿಗೆ ಮಾಡಿದ್ದರು.

ಅಂಬರೀಶ್ ದೂರ ಹೋಗಿ ಯಾರಿಗೋ ಫೋನ್ ಮಾಡಿ ಬಂದ. ಮುಖ ಗಂಟಿಕ್ಕಿತ್ತು.

"ಸೈನ್ ಬಿದ್ದ ತಕ್ಷಣ ಬರ್ತೀವಿ. ಆವಾಗ ಬಕೆಟಲ್ಲಿ ಕೂತಿದ್ರೆ ಕೂತಂಗೇ ಎತ್ತಿಬಿಡ್ತೀವಿ ಅಷ್ಟೇ."

"ಎತ್ತಪ್ಪ. ಮೇಲಿಂದ ಊರು ಚೆನ್ನಾಗಿ ಕಾಣ್ಸುತ್ತೆ," ಎಂದು ಹೇಳಿ ಅಕ್ಕಯ್ಯಮ್ಮ ನನ್ನ ಕೈ ಹಿಡಿದು ಇಳಿದರು.

ಇಳಿದವರು ಏರಿಯ ಅಂಚಿಗೆ ಹೋಗಿ ಕುಂಟೆಯನ್ನೇ ನೋಡುತ್ತಾ ನಿಂತರು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಅದನ್ನು ಕಂಡ ಮೇಲೆ ಈ ಕಳ್ಳನನ್ನು ಇವತ್ತೇ ಹಿಡಿಯಬೇಕು ಅನ್ನಿಸಿತು.

*

ಕಾರು ಓಡಿಸುತ್ತಿದ್ದವಳು ಅಕ್ಕಯ್ಯಮ್ಮನ ಮೊಮ್ಮಗಳು ಹರಿತಾ. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯಲ್ಲಿರುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಅಜ್ಜಿಗಾಗಿ ರಜೆ ಹಾಕಿ ಬಂದಿದ್ದಳು. ಮಾತಿನ ಮಲ್ಲಿ ಎಂದು ಅಜ್ಜಿ ಹೇಳಿದ್ದರು. ಆದರೆ ಮುರುಗಮಲ್ಲಕ್ಕೆ ಹೋಗಬೇಕು ಎಂದು ನಾನು ಹೇಳಿದ ಗಳಿಗೆಯಿಂದ ಅವಳ ಬಾಯಿ ಮುಚ್ಚಿತ್ತು.

ಶಿಡ್ಲಘಟ್ಟ ದಾಟುವಾಗ ಅಕ್ಕಯ್ಯಮ್ಮ ಇದ್ದಕ್ಕಿದ್ದಂತೆ ಕೇಳಿದರು: "ಲಾಯರಮ್ಮ, ನನ್ನ ಮಗನ ಮೇಲೂ ಅನುಮಾನ ಇದೆಯೇನು ನಿನಗೆ?"

ಮಗ ಎಂದರೆ ಮೋಹನ್‌ಬಾಬು, ಹರಿತಾಳ ಅಪ್ಪ. ಬೆಂಗಳೂರಿನಲ್ಲಿ ನೌಕರಿ. ಕುಂಟೆಯ ಹಿಂದಿರುವ ತನ್ನ ಪಾಲಿನ ಜಮೀನನ್ನು ಗೋದಾಮಿಗೆ ಮಾರಲು ಮಾತಾಡಿಕೊಂಡಿದ್ದವನು ಅವನೇ. ಕುಂಟೆ ಉಳಿದರೆ ರಸ್ತೆ ಇಲ್ಲ, ರಸ್ತೆ ಇಲ್ಲದಿದ್ದರೆ ಆ ಜಮೀನು ಯಾರಿಗೂ ಬೇಡ.

"ಇದೆ," ಎಂದೆ.

"ಇರ್ಲಿ. ನನಗೂ ಇದೆ."

ಹರಿತಾ ಗೇರ್ ಬದಲಿಸಿದ್ದು ಸ್ವಲ್ಪ ಜೋರಾಯಿತು.

ನಾವು ಹೊರಟಿದ್ದು ವಿನಯ್ ಎಂಬ ಹುಡುಗನ ಮನೆಗೆ. ಕೆಳಮನೆಯಲ್ಲಿ ಪಾಸಾದ ವಿಧೇಯಕವನ್ನು ತಿದ್ದುಪಡಿಗಳ ಸಮೇತ ಮತ್ತೆ ಅಚ್ಚು ಹಾಕಿ, ಕರಡು ನೋಡಿ, ಮೇಲ್ಮನೆಗೆ ಕಳಿಸಲು ಸಿದ್ಧಪಡಿಸುವ ಕೆಲಸ ಅವನದಾಗಿತ್ತು. ಪದ ಕಾಣೆಯಾಗಿದೆ ಎಂದು ನಾನು ಅರ್ಜಿ ಮೇಲೆ ಅರ್ಜಿ ಗುಜರಾಯಿಸಿದ ಮೇಲೆ ಅವನು ವಿವರಣೆ ಬರೆದುಕೊಟ್ಟಿದ್ದ. ಕುಂಟೆ ಎಂದರೆ ಹೊಲ ಹರಗುವ ಸಾಧನ, ಜಲಮೂಲಗಳ ನಡುವೆ ಕೈತಪ್ಪಿ ಸೇರಿಕೊಂಡಿದೆ ಎಂದುಕೊಂಡು ತೆಗೆದೆ, ಕ್ಷಮಿಸಿ, ಎಂದು. ಅವನನ್ನು ಅಮಾನತು ಮಾಡಿ ದೊಡ್ಡವರೆಲ್ಲ ಕೈ ತೊಳೆದುಕೊಂಡಿದ್ದರು.

ಕೇಳಿದರೆ ನಂಬುವ ಹಾಗೇ ಇದೆ. ಧಾರವಾಡ, ಗದಗದ ಕಡೆ ಕುಂಟೆ ಎಂದರೆ ಎತ್ತು ಕಟ್ಟಿ ಹೊಲದಲ್ಲಿ ಎಳೆಸುವ ಸಾಧನವೇ. ಆ ಕಡೆಯವರು ಕೆರೆ, ಕುಂಟೆ, ಕಟ್ಟೆ ಎಂದು ಓದಿದರೆ, ಇದೇನಪ್ಪ ನೀರಿನ ನಡುವೆ ಬೇಸಾಯದ ಸಾಮಾನು ಎಂದುಕೊಳ್ಳುವುದು ಸಹಜ.

ಈ ವಿವರಣೆಯ ಮೇಲೆ ನಮ್ಮ ಇಡೀ ಕೇಸು ನಿಂತಿತ್ತು. ಸದನದ ಕೆಲಸದಲ್ಲಿ ಆದ ಸಣ್ಣಪುಟ್ಟ ಕ್ರಮದೋಷವನ್ನು ಯಾವ ಕೋರ್ಟೂ ಕೆದಕುವುದಿಲ್ಲ. ತಿಳಿಯದೆ ಆದ ತಪ್ಪು ಎಂದಾದರೆ ನಾನು ಎಷ್ಟು ಹಾರಾಡಿದರೂ ಪ್ರಯೋಜನವಿಲ್ಲ. ತಿಳಿದೂ ತಿಳಿದೂ ತೆಗೆದದ್ದು ಎಂದಾದರೆ ಅದು ಎರಡು ಸದನಗಳಿಗೂ ಮಾಡಿದ ಮೋಸ. ಆಗ ನನ್ನನ್ನು ತಡೆಯುವವರು ಯಾರೂ ಇಲ್ಲ.

ಚಿಂತಾಮಣಿ ದಾಟಿ ಮುರುಗಮಲ್ಲ ಬಂತು. ದರ್ಗಾಕ್ಕೆ ಬಂದವರ ಬಸ್ಸುಗಳು ದಾರಿಗೆ ಅಡ್ಡ ನಿಂತಿದ್ದವು. ಹೂವಿನ ಚಾದರ, ಸಕ್ಕರೆ ಪೊಟ್ಟಣದ ಅಂಗಡಿಗಳ ನಡುವೆ ಹರಿತಾ ಹುಷಾರಾಗಿ ನುಗ್ಗಿಸಿ, ಎಡಕ್ಕೆ ತಿರುಗಿಸಿ, ಮತ್ತೆ ಬಲಕ್ಕೆ ತಿರುಗಿಸಿ, ಹಸಿರು ಗೇಟಿನ ಮನೆಯ ಮುಂದೆ ನಿಲ್ಲಿಸಿದಳು.

"ನೀವ್ ಹೋಗಿ ಬನ್ನಿ. ನಾನಿಲ್ಲೇ ಇರ್ತೀನಿ," ಎಂದಳು.

ನಾನು ಇಳಿದು ಕಾರಿನ ಬಾಗಿಲು ಮುಚ್ಚಿದೆ. ಆ ಮನೆ ಎಲ್ಲಿದೆ ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

*

ಬಾಗಿಲು ತೆಗೆದವರು ವಿನಯ್‌ನ ತಾಯಿ ಕನಕಲಕ್ಷ್ಮಿ. ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿ ನಿವೃತ್ತರಾದವರು. ವಕೀಲೆ ಎಂದರೂ, ಕುಂಟೆಯ ಊರಿನವರು ಎಂದರೂ ಬೇಸರ ಮಾಡಿಕೊಳ್ಳದೆ ಚಾಪೆ ಹಾಸಿದರು. ಕಣ್ಣು ಊದಿಕೊಂಡಿದ್ದವು.

"ಮಗು ಮಲಗಿದಾನೆ. ಎಬ್ಬಿಸ್ತೀನಿ ಇರಿ. ಕಾಫಿ ಕುಡೀತೀರಲ್ವಾ?"

ಮೂವತ್ತು ವರ್ಷದ ಮಗು ಒಳಗೆ ಮಲಗಿರಲಿಲ್ಲ ಎನ್ನುವುದು ಕೋಣೆಯ ಪರದೆ ಅಲ್ಲಾಡಿದ್ದರಲ್ಲೇ ಗೊತ್ತಾಯಿತು. ನಾನು ಸುಮ್ಮನೆ ಮಾತಿಗೆಂಬಂತೆ, ಈ ಊರಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದೆ.

"ನನ್ನ ಮೊದಲನೇ ಪೋಸ್ಟಿಂಗೇ ಇಲ್ಲಿ ಕಣಮ್ಮ. ಇವನು ಹುಟ್ಟಿದ್ದೂ ಇಲ್ಲೇ. ಟ್ರಾನ್ಸ್‌ಫರ್ ಬಂದ್ರೂ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ. ಆ ದರ್ಗಾದ ಬಾಬಯ್ಯನಿಂದಾನೇ ನನ್ನ ಮಗ ಉಳಿದಿದ್ದು."

"ಯಾಕೆ, ಏನಾಗಿತ್ತು?"

"ಮೂರನೇ ಕ್ಲಾಸಲ್ಲಿದ್ದಾಗ ಹುಡುಗರ ಜೊತೆ ಈಜಕ್ಕೆ ಅಂತ ಹೋಗಿ ಮುಳುಗೋಗಿದ್ದ. ಎತ್ತಿ ಹಾಕಿದಾಗ ಉಸಿರೇ ಇರ್ಲಿಲ್ಲ. ಸಾಬರ ಹುಡುಗ ಒಬ್ಬ ಹೊಟ್ಟೆ ಒತ್ತಿ ನೀರು ಕಕ್ಕಿಸಿದ. ಇವತ್ತಿಗೂ ವರ್ಷಕ್ಕೊಂದ್ಸಲ ದರ್ಗಾದಲ್ಲಿ ಸಕ್ಕರೆ ಓದಿಸ್ತೀನಿ."

"ಎಲ್ಲಿ ಮುಳುಗಿದ್ದು ಟೀಚರ್?"

"ಇಲ್ಲೇ, ಸ್ಕೂಲ್ ಹಿಂದಿನ ಕುಂಟೇಲಿ."

ಅಕ್ಕಯ್ಯಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿದರು. ಕನಕಲಕ್ಷ್ಮಿಯವರಿಗೆ ತಾವು ಏನು ಹೇಳಿದೆವು ಎನ್ನುವುದೇ ತಿಳಿಯಲಿಲ್ಲ. ಹಾಲು ಉಕ್ಕೀತು ಎಂದು ಒಳಗೆ ಓಡಿದರು.

ಪರದೆ ಸರಿಸಿ ವಿನಯ್ ಹೊರಗೆ ಬಂದ. ಬನಿಯನ್, ಪಂಚೆ, ಬೋಳಿಸದ ಗಡ್ಡ. ಕಿಟಕಿಯಾಚೆ ನಿಂತಿದ್ದ ಕಾರನ್ನು ನೋಡಿದ, ತಟ್ಟನೆ ಕಣ್ಣು ತಿರುಗಿಸಿದ.

"ಕೂತ್ಕೊ," ಎಂದೆ. "ಕುಂಟೆ ಅಂದ್ರೇನಪ್ಪ?"

"ಬರೆದುಕೊಟ್ಟಿದೀನಲ್ಲ ಮೇಡಂ. ಹೊಲ ಹರಗೋ..."

"ಅದಕ್ಕೆ ನಾವು ಗುಂಟುವೆ ಅಂತೀವಪ್ಪ," ಅಕ್ಕಯ್ಯಮ್ಮ ಮಧ್ಯೆ ಬಂದರು. "ನಿಮ್ಮೂರಲ್ಲೂ ಗುಂಟುವೇನೇ. ನಿನ್ನ ಜೊತೆ ಓದಿದ ಒಬ್ಬ ಹುಡುಗನ್ನ ಕರೆಸು, ಬೇರೆ ಹೇಳಿದ್ರೆ ನಾನು ಎದ್ದು ಹೋಗ್ತೀನಿ."

"ಬೆಂಗಳೂರಲ್ಲಿ ಕೆಲಸ ಮಾಡೋವಾಗ ಬೇರೆ ಕಡೆ ಭಾಷೇನೂ..."

"ಸುಳ್ಳು," ಎಂದೆ. "ಈ ತಪ್ಪು ಮಾಡೋಕೆ ನೀನು ಗದಗದಲ್ಲಿ ಹುಟ್ಟಬೇಕಿತ್ತು ವಿನಯ್. ಕುಂಟೇಲಿ ಮುಳುಗಿ ಸತ್ತು ಬದುಕಿದೋನು ನೀನು. ಆ ಪದ ನೋಡಿದಾಗ ನಿನಗೆ ಎತ್ತು, ಹೊಲ ಜ್ಞಾಪಕ ಬರುತ್ತಾ, ನೀರು ಜ್ಞಾಪಕ ಬರುತ್ತಾ?"

ಅವನು ಮತ್ತೆ ಕಿಟಕಿಯ ಕಡೆ ನೋಡಿದ.

"ಯಾರಿಗೋಸ್ಕರ ಈ ಸುಳ್ಳು?"

"ಯಾರಿಗೋಸ್ಕರಾನೂ ಇಲ್ಲ."

"ಹೊರಗಡೆ ಕಾರಲ್ಲಿ ಕೂತಿರೋ ಹುಡುಗಿ ಈ ಮನೆಗೆ ಎಷ್ಟು ಸಲ ಬಂದಿದಾಳೆ?"

ಅಕ್ಕಯ್ಯಮ್ಮ ನನ್ನ ಕಡೆ ತಿರುಗಿದರು. ಇದು ಅವರಿಗೂ ಹೊಸದು. ವಿನಯ್ ಮುಖ ಮುಚ್ಚಿಕೊಂಡ. ಕೈಗಳ ಹಿಂದಿನಿಂದ ಮಾತು ತುಂಡುತುಂಡಾಗಿ ಬಂತು.

ಅವನೂ ಹರಿತಾಳೂ ಕಾಲೇಜಿನಿಂದ ಪರಿಚಯ. ಜಾತಿ ಬೇರೆ. ಮೋಹನ್‌ಬಾಬು ಮನೆಯ ಹೊಸ್ತಿಲು ತುಳಿಯಬೇಡ ಎಂದಿದ್ದ. ಕೆಳಮನೆಯಲ್ಲಿ ತಿದ್ದುಪಡಿ ಪಾಸಾದ ಮಾರನೆಯ ದಿನ ಅದೇ ಮೋಹನ್‌ಬಾಬು ತಾನಾಗಿ ಫೋನ್ ಮಾಡಿ ಹೋಟೆಲಿಗೆ ಕರೆಸಿ ದೋಸೆ ತಿನ್ನಿಸಿದ್ದ.

"ಒಂದು ಪದ ತಾನೇ, ಯಾರಿಗ್ ಗೊತ್ತಾಗುತ್ತೆ ಅಂದ್ರು. ಅದು ಹೋದ ದಿನಾನೇ ಬಂದು ಹೆಣ್ಣು ಕೇಳಪ್ಪ, ಕೊಡ್ತೀನಿ ಅಂದ್ರು."

"ನನ್ನನ್ನ ಮಾರಿದ್ರು ಅನ್ನು."

ಹರಿತಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಾರಿನ ಕೀ ಕೈಯಲ್ಲೇ ಇತ್ತು.

"ನಮ್ಮಪ್ಪ ಇದ್ದಕ್ಕಿದ್ದಂಗೆ ಒಳ್ಳೆಯೋರಾದ್ರು ಅಂದ್ಕೊಂಡಿದ್ದೆ ನಾನು. ಫ್ಯಾಕ್ಟ್ರೀಲಿ ಎಲ್ಲಾರ ಹತ್ರಾನೂ ಹೇಳ್ಕೊಂಡು ಓಡಾಡಿದ್ದೆ. ಒಂದು ಪದಕ್ಕೆ ಅವರು ಮಾರಿದ್ರು, ನೀನು ಕೊಂಡ್ಕೊಂಡೆ. ನಮ್ಮಜ್ಜಿ ಕುಂಟೆ ಕಣೋ ಅದು! ನಿನಗೆ ಗೊತ್ತಿತ್ತು ತಾನೇ?"

"ಗೊತ್ತಿತ್ತು."

"ಥೂ ನಿನ್ನ."

ಅವಳು ಅಳಲಿಲ್ಲ. ಆ ಹುಡುಗಿಯ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು. ಅರ್ಧ ದಾರಿಯಿಂದ ಅವಳನ್ನು ಅನುಮಾನಿಸಿಕೊಂಡು ಬಂದಿದ್ದಕ್ಕೆ ಒಳಗೊಳಗೇ ನಾಚಿಕೆಯೂ ಆಯಿತು.

"ಲಾಯರಮ್ಮ," ಅಕ್ಕಯ್ಯಮ್ಮನ ಧ್ವನಿ ಗಟ್ಟಿಯಾಗಿತ್ತು. "ನನ್ನ ಮಗನ ಹೆಸರೂ ಬರ್ಕೊ. ದೊಡ್ಡಕ್ಷರದಲ್ಲೇ ಬರ್ಕೊ. ಹೆತ್ತೋಳು ನಾನೇ ಹೇಳ್ತಾ ಇದೀನಿ."

ಇಲ್ಲಿಗೆ ಕಳ್ಳ ಸಿಕ್ಕಿದ ಎಂದುಕೊಂಡು ನಾನು ಪೆನ್ನು ತೆಗೆದೆ. ಆಗ ವಿನಯ್ ತಲೆ ಎತ್ತಿ ಹರಿತಾಳನ್ನೇ ನೋಡುತ್ತಾ ಹೇಳಿದ:

"ಆದ್ರೆ ಆ ಪದ ನಾನು ತೆಗೀಲಿಲ್ಲ."

*

"ಏನಂದೆ?"

"ತೆಗೀಬೇಕು ಅಂತಾನೇ ಕೂತಿದ್ದೆ. ಅಮ್ಮನ ಮೇಲಾಣೆ. ಪೆನ್ನು ಹಿಡ್ಕೊಂಡು ಆ ಪುಟ ತೆಗೆದ್ರೆ ಪದ ಆಗ್ಲೇ ಇರ್ಲಿಲ್ಲ. ಯಾರೋ ಹೊಡೆದು ಹಾಕಿದ್ರು."

"ಮತ್ತೆ ನಾನೇ ತೆಗೆದೆ ಅಂತ ಯಾಕೆ ಬರೆದುಕೊಟ್ಟೆ?"

ಅವನು ನಗಲು ನೋಡಿದ. ಆಗಲಿಲ್ಲ.

"ಮೋಹನ್‌ಬಾಬು ಅವರಿಗೆ ಕೆಲಸ ಆಯ್ತು ಅಂತ ಫೋನ್ ಮಾಡಿಬಿಟ್ಟಿದ್ದೆ ಮೇಡಂ. ನಾನು ಮಾಡದೇ ಇರೋದಕ್ಕೆ ಹೆಣ್ಣು ಕೇಳ್ದೆ. ಆಮೇಲೆ ಗಲಾಟೆ ಆದಾಗ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ಕರಡಿನಲ್ಲಿ ಪದ ಹೊಡೆದು ಹಾಕೋಕೆ ಯಾರಿಗೆ ಅಧಿಕಾರ ಇದೆ?"

"ಕಾಗುಣಿತ ತಪ್ಪಿರೋದು, ಅಂಕಿ ತಪ್ಪಿರೋದು, ಇಂಥ ಎದ್ದು ಕಾಣೋ ತಪ್ಪುಗಳನ್ನ ಪಾಸಾದ ಮೇಲೂ ನಮ್ಮ ಮೇಲಿನೋರು ಸರಿಮಾಡ್ಬಹುದು. ಮತ್ತೆ ಸದನದ ಮುಂದೆ ಇಡ್ಬೇಕಾಗಿಲ್ಲ. ಆ ಸಂದೀಲಿ ನುಗ್ಗಿಸಿದಾರೆ. ಕುಂಟೆ ಅಂದ್ರೆ ಬೇಸಾಯದ ಸಾಧನ, ಕೈತಪ್ಪಿ ಸೇರಿದೆ ಅಂತ ಕಾರಣಾನೂ ಅವರೇ ಕೊಟ್ಟಿದ್ರು. ನಾನು ಅದನ್ನೇ ಕಾಪಿ ಹೊಡೆದೆ."

ಕಾಮಾ ಸರಿಮಾಡಲು ಕೊಟ್ಟ ಅಧಿಕಾರದಿಂದ, ಇಡೀ ಸದನ ಕೂಗಿ ಹೌದು ಎಂದಿದ್ದ ಪದವನ್ನು ಹೊಸಕಿ ಹಾಕಿದ್ದರು.

"ಒಬ್ಬ ಸದಸ್ಯರು ಹೋರಾಡಿ ಸೇರಿಸಿದ ಪದ ಅದು. ಯಾರನ್ನೂ ಕೇಳದೆ ತೆಗೆದ್ರಾ?"

"ಕೇಳಿದಾರೆ ಮೇಡಂ," ವಿನಯ್ ಧ್ವನಿ ತಗ್ಗಿಸಿದ. "ತಿದ್ದುಪಡಿ ಸೂಚಿಸಿದ ಸದಸ್ಯರೇ ಹೇಳಿ ತೆಗೆಸಿದಾರೆ ಅಂತ ಆ ಕರಡಿನ ಅಂಚಲ್ಲೇ ಬರೆದಿತ್ತು."

ತಿದ್ದುಪಡಿ ಸೂಚಿಸಿದ ಸದಸ್ಯ ಯಾರೆಂದು ಆ ಕೋಣೆಯಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಕ್ಕಯ್ಯಮ್ಮ ಗೋಡೆಗೆ ಒರಗಿದರು. ಮಗನ ಹೆಸರು ಬಂದಾಗ ಅಲ್ಲಾಡದ ಮುಖ ಈಗ ಬಾಡಿಹೋಯಿತು.

"ಸದನದಲ್ಲಿ ನಿಂತು ಕೂಗಿದ್ನಲ್ಲೇ ನಮ್ಮ ವೆಂಕಟರಾಯಪ್ಪ," ಎಂದು ಮೊಮ್ಮಗಳಿಗೆ ಹೇಳಿದರು. "ಕಣ್ಣಲ್ಲಿ ನೀರು ಹಾಕ್ಕೊಂಡಿದ್ನಲ್ಲೇ. ನಾನೇ ಅಲ್ವೇನೆ ಪೇಟ ಇಟ್ಟಿದ್ದು?"

ಎಲ್ಲರ ಮುಂದೆ ಸೇರಿಸಿ ಚಪ್ಪಾಳೆ ತೆಗೆದುಕೊಂಡು, ಹಿಂದಿನಿಂದ ಹೋಗಿ ತೆಗೆಸಿ ಗೋದಾಮಿನವರ ಹತ್ತಿರವೂ ಒಳ್ಳೆಯವರಾಗಿದ್ದರು. ಹದಿನೈದು ವರ್ಷದ ಈ ಕೆಲಸದಲ್ಲಿ ನಾನು ಕಳ್ಳರನ್ನು ಕಂಡಿದ್ದೇನೆ. ಕದ್ದ ಮಾಲಿಗೆ ಮೊದಲೇ ಹಾರ ಹಾಕಿಸಿಕೊಂಡವರನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ಅಕ್ಕಯ್ಯಮ್ಮನ ಫೋನು ರಿಂಗಾಯಿತು. ಹರಿತಾ ನೋಡಿ ಬೆಚ್ಚಿದಳು. ಶಾಸಕರದೇ. ಸ್ಪೀಕರಿಗೆ ಹಾಕು ಎಂದು ನಾನು ಸನ್ನೆ ಮಾಡಿದೆ.

"ಅಮ್ಮಾ! ಸ್ವೀಟ್ ಹಂಚಿ ಅಮ್ಮಾ!" ವೆಂಕಟರಾಯಪ್ಪನವರ ದನಿ ಕೋಣೆ ತುಂಬಿತು. "ರಾಜ್ಯಪಾಲರ ಸೈನ್ ಬಿತ್ತಂತೆ ಈಗ್ತಾನೆ. ನಮ್ಮ ಬಿಲ್ಲು ಕಾನೂನಾಯ್ತು. ಅದ್ರಲ್ಲಿ ಒಂದು ಸಣ್ಣ ಎಡವಟ್ಟಾಗಿದೆ, ನೀವೇನೂ ತಲೆ ಕೆಡಿಸ್ಕೊಬೇಡಿ. ಮುಂದಿನ ಅಧಿವೇಶನದಲ್ಲಿ ಸರಿಮಾಡಣ. ಸಾಯಂಕಾಲ ಕುಂಟೆ ಹತ್ರಾನೇ ಸಭೆ ಇಟ್ಕೊಂಡಿದೀನಿ. ನೀವೇ ಬಂದು ಹಾರ ಹಾಕ್ಬೇಕು."

ಮುಂದಿನ ಅಧಿವೇಶನದ ಹೊತ್ತಿಗೆ ಅಲ್ಲಿ ಲಾರಿಗಳು ಓಡಾಡುತ್ತಿರುತ್ತವೆ. ಸಹಿ ಬಿದ್ದ ಸುದ್ದಿ ಅಂಬರೀಶನಿಗೂ ತಲುಪಿರುತ್ತದೆ. ರಾಜ್ಯಪಾಲರು ವಾಪಸ್ಸು ಕಳಿಸಬಹುದಾಗಿದ್ದ ದಾರಿ ಮುಚ್ಚಿತು. ಇನ್ನು ಉಳಿದದ್ದು ಹೈಕೋರ್ಟು. ಅಲ್ಲಿ ಇದು ಕೈತಪ್ಪಲ್ಲ, ಮೋಸ ಎಂದು ಹೇಳಬಲ್ಲ ಸಾಕ್ಷಿ ಒಬ್ಬನೇ. ಅವನು ಬನಿಯನ್ನಿನಲ್ಲಿ ನನ್ನ ಮುಂದೆ ಕೂತಿದ್ದ.

ಅಕ್ಕಯ್ಯಮ್ಮ ಗೋಡೆ ಬಿಟ್ಟು ನೆಟ್ಟಗೆ ಕೂತರು.

"ಬರ್ತೀನಪ್ಪ. ಊರೋರೆಲ್ಲಾ ಬರ್ತಾರಾ?"

"ಎಲ್ಲಾ ಬರ್ತಾರಮ್ಮಾ. ಟಿವಿಯೋರೂ ಬರ್ತಾರೆ."

"ಮೈಕ್ ಇರುತ್ತೇನಪ್ಪ?"

"ಇರುತ್ತಮ್ಮಾ, ಎಲ್ಲಾ ವ್ಯವಸ್ಥೆ ಮಾಡ್ಸಿದೀನಿ."

"ಆಯ್ತು ಹಂಗಾದ್ರೆ," ಎಂದು ಅಕ್ಕಯ್ಯಮ್ಮ ಫೋನು ಕಟ್ ಮಾಡಿ ಮೊಮ್ಮಗಳ ಕೈಗೆ ಕೊಟ್ಟು ವಿನಯ್ ಕಡೆ ತಿರುಗಿದರು.

"ಏಳಪ್ಪ. ಅಂಗಿ ಹಾಕ್ಕೊ. ಮೈಕ್ ಇರುತ್ತಂತೆ. ನೀನು ಪೆನ್ನು ಹಿಡಿದಿದ್ದನ್ನೂ ಹೇಳು, ನನ್ನ ಮಗ ದೋಸೆ ತಿನ್ನಿಸಿದ್ದನ್ನೂ ಹೇಳು, ಆ ವೆಂಕಟರಾಯಪ್ಪ ತೆಗೆಸಿದ್ದನ್ನೂ ಹೇಳು. ಊರು ನಿನ್ನನ್ನ ಬೈದ್ರೆ ಪಕ್ಕದಲ್ಲಿ ನಾನು ನಿಂತಿರ್ತೀನಿ."

ಲೋಟಗಳ ಸದ್ದಾಯಿತು. ಕನಕಲಕ್ಷ್ಮಿ ಕಾಫಿ ತಟ್ಟೆಯನ್ನು ನೆಲಕ್ಕೆ ಇಟ್ಟವರು ನಮ್ಮನ್ನು ದಾಟಿಕೊಂಡು ಹೋಗಿ ಮುಂಬಾಗಿಲ ಚಿಲಕ ಹಾಕಿದರು. ಅದಕ್ಕೆ ಬೆನ್ನು ಕೊಟ್ಟು ನಿಂತರು.

"ನಿಮ್ಮ ಕುಂಟೆ ನಿಮಗೆ ದೊಡ್ಡದು ಅಕ್ಕಯ್ಯಮ್ಮನೋರೇ. ನನಗಿರೋದು ಇವನೊಬ್ಬನೇ."

"ಟೀಚರ್, ಅವನು ನಿಜ ಹೇಳಿದ್ರೆ..." ಎಂದು ನಾನು ಶುರುಮಾಡಿದೆ.

"ನಿಜ ಹೇಳಿದ್ರೆ ಜೈಲು. ಸುಮ್ನಿದ್ರೆ ಕೆಲಸ ವಾಪಸ್. ನಿನ್ನೆ ವೆಂಕಟರಾಯಪ್ಪನೋರೇ ಬಂದು ಇಲ್ಲೇ ಕೂತು ಹೇಳಿ ಹೋಗಿದಾರೆ. ಇವನನ್ನ ಸಭೆಗೆ ನೀವ್ ಕರ್ಕೊಂಡು ಹೋಗ್ಬೇಕಾಗಿಲ್ಲ. ಅವರೇ ಕಾರು ಕಳಿಸ್ತಾರೆ. ನನ್ನಿಂದ ತಪ್ಪಾಯ್ತು, ಕುಂಟೆ ಅಂದ್ರೆ ಏನು ಅಂತ ಗೊತ್ತಿರ್ಲಿಲ್ಲ ಅಂತ ಊರೋರ ಮುಂದೆ ಹೇಳೋಕೆ ಇವನು ಒಪ್ಕೊಂಡಾಗಿದೆ."

ನಾನು ವಿನಯ್‌ನನ್ನು ನೋಡಿದೆ. "ಹೂಂ ಮೇಡಂ," ಎಂದ.

ಬೀದಿಯಲ್ಲಿ ಕಾರಿನ ಹಾರ್ನ್ ಎರಡು ಸಲ ಕೇಳಿಸಿತು. ನಮ್ಮ ಕಾರಿನ ಕೀ ಹರಿತಾಳ ಕೈಯಲ್ಲೇ ಇತ್ತು.

ವಿನಯ್ ಎದ್ದ. ಗೂಟಕ್ಕೆ ಹಾಕಿದ್ದ ಬಿಳಿ ಅಂಗಿ ತೆಗೆದುಕೊಂಡು ತೊಟ್ಟ. ಗುಂಡಿ ಹಾಕಿಕೊಳ್ಳುವಾಗ ಅವನ ಬೆರಳು ತಪ್ಪಿ ಒಂದು ಗುಂಡಿ ಮೇಲೆ ಕೆಳಗಾಯಿತು. ಸರಿಮಾಡಲು ಹೋಗಲಿಲ್ಲ.

"ಅಲ್ಲಿ ನಿಂತು ಏನ್ ಹೇಳ್ತೀಯೋ?" ಹರಿತಾ ಅವನ ದಾರಿಗೆ ಅಡ್ಡ ಬಂದಳು. "ಈಗ ಹೇಳು. ನನ್ನ ಮುಖ ನೋಡ್ಕೊಂಡು ಹೇಳು."

ಅವನು ಅವಳ ಮುಖ ನೋಡಿದ. ಬಾಗಿಲಲ್ಲಿದ್ದ ತಾಯಿಯ ಮುಖವನ್ನೂ ನೋಡಿದ. ತಾಯಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಚಿಲಕ ತೆಗೆದ.

"ಮೈಕ್ ಮುಂದೆ ನಿಂತ್ಮೇಲೆ ನನಗೂ ಗೊತ್ತಾಗುತ್ತೆ," ಎಂದು ಹೇಳಿ ಶಾಸಕರ ಕಾರು ಹತ್ತಿದ.